ಪರಿಪೂರ್ಣತೆಯ ಹಠ ಮತ್ತು ಮಿತಿಯ ಅರಿವು



2017ರ ಮೇ ತಿಂಗಳಲ್ಲಿ ಚೆನ್ನೈಯಿಂದ ಪ್ರಕಟವಾದ ಹನ್ನೆರಡನೆಯ ತರಗತಿಯ ಫಲಿತಾಂಶದೊಡನೆ ರ‍್ಯಾಂಕ್ ಪಟ್ಟಿ ಇರಲಿಲ್ಲ. ರಾಜ್ಯಕ್ಕೆ ಪ್ರಥಮರು ಯಾರೆಂದು ಹೆಸರು ಸಾರುವ ಪದ್ಧತಿಯನ್ನು ತಮಿಳುನಾಡು ಸರ್ಕಾರವು ಆ ವರ್ಷ ಕೈಬಿಟ್ಟಿತು. ವಿದ್ಯಾರ್ಥಿಗಳಲ್ಲಿ ಅನಾರೋಗ್ಯಕರ ಸ್ಪರ್ಧೆಯನ್ನೂ ಮನಸ್ಸಿನ ಒತ್ತಡವನ್ನೂ ತಗ್ಗಿಸುವುದು ಇದರ ಉದ್ದೇಶವಾಗಿತ್ತು. ಆದರೆ ಪಟ್ಟಿಯು ಪತ್ರಿಕೆಯಿಂದ ಮರೆಯಾದ ಮಾತ್ರಕ್ಕೆ ಮನೆಯಿಂದ ಮರೆಯಾಗುವುದಿಲ್ಲ. ತೊಂಬತ್ತೆಂಟು ಅಂಕ ತಂದ ಮಗುವನ್ನು ‘ಉಳಿದೆರಡು ಎಲ್ಲಿ ಹೋದವು’ ಎಂದು ಪ್ರಶ್ನಿಸುವ ಹಿರಿಯರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಕೇಳಿದವರಿಗೆ ಅದು ವಿನೋದವಿರಬಹುದು; ಕೇಳಿಸಿಕೊಂಡ ಮಗುವಿಗೆ ಅಲ್ಲ.

ಕೆಲಸವನ್ನು ಚೆನ್ನಾಗಿ ಮಾಡಬೇಕೆಂಬ ಆಸೆ ಬೇರೆ, ಎಂದೂ ತಪ್ಪಾಗಕೂಡದೆಂಬ ಹಠ ಬೇರೆ. ಮೊದಲನೆಯದು ಕೈಗೆ ಬಲ ಕೊಡುತ್ತದೆ. ಎರಡನೆಯದು ಕೈಯನ್ನು ಕಟ್ಟಿಹಾಕುತ್ತದೆ. ಕೆನಡಾದ ಮನೋವಿಜ್ಞಾನಿಗಳಾದ ಪಾಲ್ ಹೆವಿಟ್ ಮತ್ತು ಗೋರ್ಡನ್ ಫ್ಲೆಟ್ ಅವರು 1991ರಲ್ಲಿ ಈ ಹಠದ ಮೂರು ಮುಖಗಳನ್ನು ಗುರುತಿಸಿದರು. ತನ್ನಿಂದ ತಾನು ನಿರೀಕ್ಷಿಸುವುದು ಒಂದು. ಇತರರಿಂದ ನಿರೀಕ್ಷಿಸುವುದು ಇನ್ನೊಂದು. ಇತರರು ತನ್ನಿಂದ ಪರಿಪೂರ್ಣತೆಯನ್ನೇ ನಿರೀಕ್ಷಿಸುತ್ತಾರೆಂದು ಭಾವಿಸಿ ಕುಗ್ಗುವುದು ಮೂರನೆಯದು. ಫಲಿತಾಂಶದ ದಿನ ಮಕ್ಕಳನ್ನು ಕಾಡುವುದು ಹೆಚ್ಚಾಗಿ ಈ ಮೂರನೆಯದೇ.

ಚೆನ್ನೈಯಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ಲೇಖಕರೊಬ್ಬರ ಜೀವನವು ಇಲ್ಲಿ ನೆನಪಿಗೆ ಬರುತ್ತದೆ. ಆರ್. ಕೆ. ನಾರಾಯಣ್ ಅವರು 1906ರ ಅಕ್ಟೋಬರ್ 10ರಂದು ಅಂದಿನ ಮದರಾಸಿನಲ್ಲಿ ಜನಿಸಿ, ಪುರಸವಾಕ್ಕಂ ಬಡಾವಣೆಯಲ್ಲಿ ಅಜ್ಜಿಯ ಆಶ್ರಯದಲ್ಲಿ ಬೆಳೆದರು. ತಂದೆ ಮೈಸೂರಿನಲ್ಲಿ ಮುಖ್ಯೋಪಾಧ್ಯಾಯರು. ಅಂಥವರ ಮಗನೇ ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಯಲ್ಲಿ ಅನುತ್ತೀರ್ಣರಾದರು! ಆ ಒಂದು ವರ್ಷವನ್ನು ಅವರು ಮನೆಯಲ್ಲಿ ಓದುತ್ತಾ ಬರೆಯುತ್ತಾ ಕಳೆದರು. 1926ರಲ್ಲಿ ಅದೇ ಪರೀಕ್ಷೆಯನ್ನು ದಾಟಿ ಮಹಾರಾಜಾ ಕಾಲೇಜನ್ನು ಸೇರಿದರು. ಪದವಿಗೂ ವಾಡಿಕೆಗಿಂತ ಒಂದು ವರ್ಷ ಹೆಚ್ಚು ಹಿಡಿಯಿತು. ಶಾಲಾ ಶಿಕ್ಷಕ ವೃತ್ತಿ ತಮಗೆ ಒಗ್ಗದೆಂದು ಕಂಡಾಗ ಅದನ್ನು ಅಲ್ಪಕಾಲದಲ್ಲಿಯೇ ಬಿಟ್ಟರು. ಮೊದಲ ಕಾದಂಬರಿಯನ್ನು ಹಲವು ಪ್ರಕಾಶಕರು ಹಿಂದಿರುಗಿಸಿದರು. ಕೊನೆಗೆ ಇಂಗ್ಲಿಷ್ ಲೇಖಕ ಗ್ರಹಾಂ ಗ್ರೀನ್ ಅವರ ನೆರವಿನಿಂದ ಅದು 1935ರಲ್ಲಿ ಬೆಳಕು ಕಂಡಿತು. ಶಾಲೆಗೆ ಹೋಗಲು ಮನಸ್ಸಿಲ್ಲದ ಸ್ವಾಮಿ ಎಂಬ ಹುಡುಗನ ಕಥೆ ಅದು. ಶಂಕರ್ ನಾಗ್ ಅವರ ದೂರದರ್ಶನ ಧಾರಾವಾಹಿಯ ಮೂಲಕ ಈ ಹುಡುಗ ಕನ್ನಡಿಗರ ಮನೆಯವನೇ ಆಗಿಬಿಟ್ಟ.

ಬರವಣಿಗೆಯಲ್ಲಿಯೂ ನಾರಾಯಣ್ ತಮ್ಮ ಎಲ್ಲೆಯನ್ನು ಬಲ್ಲವರಾಗಿದ್ದರು. ಮಾಲ್ಗುಡಿ ಎಂಬ ಒಂದೇ ಪುಟ್ಟ ಊರು, ಅಲಂಕಾರವಿಲ್ಲದ ಭಾಷೆ, ಸಾಮಾನ್ಯ ಜನರು: ಇಷ್ಟರಲ್ಲಿಯೇ ಅವರ ಕೃಷಿ ನಡೆಯಿತು. ಇದನ್ನು ಕೊರತೆಯೆಂದು ಎಣಿಸಿದವರೂ ಉಂಟು. ‘ದಿ ಗೈಡ್’ ಕಾದಂಬರಿಗೆ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ 1960ರಲ್ಲಿ ಬಂದಿತು. ಆದರೆ ಪ್ರಶಸ್ತಿಗಾಗಿ ಈ ನಿದರ್ಶನವನ್ನು ಕೊಟ್ಟುದಲ್ಲ. ಸೋತ ಹುಡುಗರೆಲ್ಲರೂ ಮುಂದೆ ಪ್ರಸಿದ್ಧರಾಗಲೇಬೇಕೆಂದು ಬಯಸಿದರೆ ಅದೂ ಒಂದು ರ‍್ಯಾಂಕ್ ಪಟ್ಟಿಯೇ ಆದೀತು. ಗಮನಿಸಬೇಕಾದುದು ಆ ಒಂದು ವರ್ಷ. ಮನೆಯಲ್ಲಿ ಅವರಿಗೆ ತಂದೆಯ ಶಾಲೆಯ ಗ್ರಂಥಭಂಡಾರದ ಪುಸ್ತಕಗಳು ದೊರೆಯುತ್ತಿದ್ದವು, ಓದಲು ಬಿಡುವೂ ಇತ್ತು.

1980ರ ದಶಕದಲ್ಲಿ ರಾಜ್ಯಸಭೆಗೆ ನಾಮಕರಣಗೊಂಡಾಗ ನಾರಾಯಣ್ ತಮ್ಮ ಮೊದಲ ಭಾಷಣದಲ್ಲಿ ಎತ್ತಿಕೊಂಡ ವಿಷಯ ಶಾಲಾ ಮಕ್ಕಳ ಪುಸ್ತಕದ ಚೀಲದ ಭಾರ. ಮುಂದೆ ಈ ಪ್ರಶ್ನೆಯನ್ನು ಪರಿಶೀಲಿಸಲು ಕೇಂದ್ರ ಸರ್ಕಾರವು ಪ್ರೊಫೆಸರ್ ಯಶ್‌ಪಾಲ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಚೀಲದ ತೂಕಕ್ಕಿಂತಲೂ ಅರ್ಥವಾಗದೆ ಕಲಿಯಬೇಕಾದುದರ ಹೊರೆಯೇ ಹೆಚ್ಚು ಹಾನಿಕರವೆಂದು ಸಮಿತಿಯು 1993ರ ವರದಿಯಲ್ಲಿ ಹೇಳಿತು.

ಒಂದು ಸೋಲಿಗೆ ಒಂದು ವರ್ಷ ತೆರಬೇಕಾದ ಸ್ಥಿತಿ ಈಗ ಬಹುಮಟ್ಟಿಗೆ ಬದಲಾಗಿದೆ. ತಮಿಳುನಾಡಿನಲ್ಲಿ ಅದೇ ವರ್ಷ ಪೂರಕ ಪರೀಕ್ಷೆ ಬರೆಯಬಹುದು. ಕರ್ನಾಟಕದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿ ವಿದ್ಯಾರ್ಥಿಗಳಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವನ್ನು ಕಲ್ಪಿಸಿ, ಅವುಗಳಲ್ಲಿ ಉತ್ತಮವಾದ ಅಂಕವನ್ನು ಉಳಿಸಿಕೊಳ್ಳಲು ಅನುಮತಿ ನೀಡಲಾಯಿತು. ಇದನ್ನು ಫಲಿತಾಂಶ ಬರುವ ಮುನ್ನವೇ ಮಕ್ಕಳಿಗೆ ತಿಳಿಸಿಡುವುದು ಒಳಿತು. ಫಲಿತಾಂಶ ಬಂದ ಗಳಿಗೆಯಲ್ಲಿ ಅವರ ಕಿವಿಗೆ ಏನೂ ಬೀಳದಿರಬಹುದು.

ನಿದ್ರೆ ಆಹಾರ ಬಿಟ್ಟು ಮೌನವಾದ ಮಗುವನ್ನು ಒಂಟಿಯಾಗಿ ಬಿಡಕೂಡದು. ಬದುಕುವುದೇ ಬೇಡವೆಂಬ ಮಾತು ಬಂದರೆ ಅದನ್ನು ಹಗುರವಾಗಿ ಎಣಿಸಲೂ ಕೂಡದು. ಚೆನ್ನೈಯಲ್ಲಿ 1986ರಲ್ಲಿ ಆರಂಭವಾದ ‘ಸ್ನೇಹಾ’ ಸಂಸ್ಥೆಯು ಇಂತಹ ಸಂಕಟದಲ್ಲಿರುವವರ ಮಾತನ್ನು ಆಲಿಸುವ ಕೆಲಸ ಮಾಡುತ್ತಾ ಬಂದಿದೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದಂದು, ಟೆಲಿ ಮಾನಸ್ ಸೇವೆಯನ್ನು ಪ್ರಾರಂಭಿಸಿತು. 14416 ಸಂಖ್ಯೆಗೆ ಯಾವ ವೇಳೆಯಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು. ಮಕ್ಕಳಷ್ಟೇ ಅಲ್ಲ, ಮಗುವಿಗೆ ಏನು ಹೇಳಬೇಕೆಂದು ತೋಚದ ತಂದೆತಾಯಿಗಳೂ ಈ ಸಂಖ್ಯೆಗೆ ಕರೆ ಮಾಡಬಹುದು.