ಏರಿಯಿಲ್ಲದ ಕೆರೆ

(ಕೃಷ್ಣರಾಜನಗರದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಕಡೆ ಕೆರೆಯೆಂದರೆ ಏರಿ, ತೂಬು, ಕೋಡಿ ಇರಲೇಬೇಕು. ಯಾರೋ ಮಣ್ಣು ಹೊತ್ತಿದ್ದಾರೆ, ಅದಕ್ಕೇ ನೀರು ನಿಂತಿದೆ. ಯಾರೂ ಮಣ್ಣು ಹೊರದೆ ತಾನಾಗಿ ನಿಂತ ನೀರನ್ನು ನೋಡಬೇಕಾದರೆ ಕೋಟೆಯ ಕಾಡು ದಾಟಿ ವೈನಾಡಿಗೆ ಹೋಗಬೇಕು. ಕಲ್ಲಿಕೋಟೆಗೆ ಇಳಿಯುವ ಘಟ್ಟದ ತಲೆಯ ಬಳಿ, ವೈತಿರಿಯ ಹತ್ತಿರ, ಸುಮಾರು 770 ಮೀಟರ್ ಎತ್ತರದಲ್ಲಿ ಪೂಕೋಡು ಸರೋವರವಿದೆ. ಸುತ್ತ ಬೆಟ್ಟ, ಬೆಟ್ಟದ ಮೇಲೆ ಕಾಡು. ಈಗ ದೋಣಿವಿಹಾರವೂ ಉಂಟು. ಟಿಕೆಟ್ಟು ಕೊಂಡವರಿಗೆ ಪ್ರಕೃತಿ ಬಹಳ ಉದಾರಿ.

ಆ ನೀರು ಘಟ್ಟದ ಅಂಚಿನಲ್ಲಿದ್ದೂ ಪಶ್ಚಿಮ ಸಮುದ್ರಕ್ಕೆ ಬೀಳುವುದಿಲ್ಲ. ಪನಮರಂ ಹೊಳೆಯಾಗಿ ಪೂರ್ವಕ್ಕೆ ತಿರುಗಿ, ಮಾನಂತವಾಡಿಯ ಹೊಳೆಯೊಡನೆ ಕೂಡಿ, ಕಬಿನಿಯಾಗಿ ನಮ್ಮ ಜಿಲ್ಲೆಗೆ ಬರುತ್ತದೆ. ಕೇರಳದ 44 ನದಿಗಳಲ್ಲಿ ಪೂರ್ವಕ್ಕೆ ಹರಿಯುವವು ಮೂರೇ, ಅದರಲ್ಲಿ ಇದೊಂದು.

ಈ ನೀರಿನ ದಾರಿಯಲ್ಲಿರುವ ಜನರನ್ನು ಸ್ವಲ್ಪ ನೋಡೋಣ. ಮಾನಂತವಾಡಿಯ ಬಳಿ ವಳ್ಳಿಯೂರುಕಾವು ಎಂಬ ದೇವಿಯ ಗುಡಿ. ಅಲ್ಲಿನ ಜಾತ್ರೆಯಲ್ಲಿ ಜಮೀನುದಾರರು ಪಣಿಯರನ್ನು ಒಂದು ವರ್ಷದ ದುಡಿಮೆಗೆ ಗೊತ್ತುಮಾಡಿಕೊಳ್ಳುತ್ತಿದ್ದರು. ದೇವಿಯ ಮುಂದೆ ಆಡಿದ ಮಾತನ್ನು ಮುರಿಯಲಾಗದು ಎಂಬ ಭಯವೇ ಸಂಕೋಲೆ. ಬೇರೆ ಕಬ್ಬಿಣ ಬೇಕಿರಲಿಲ್ಲ. ಇದು ಪುರಾಣಕಾಲದ ಸಂಗತಿಯಲ್ಲ, ಜೀತವನ್ನು ನಿಷೇಧಿಸುವ ಕಾನೂನು ಬಂದದ್ದೇ 1976ರಲ್ಲಿ. ನಮ್ಮ ಕೋಟೆ ತಾಲ್ಲೂಕಿನ ಒಡೆಯರೇನು ಇವರಿಗಿಂತ ಮೇಲಾಗಿದ್ದರೆ?

ಮುಂದೆ ಬೀಚನಹಳ್ಳಿ. 1974ರಲ್ಲಿ ಕಟ್ಟೆ ಮುಗಿಯಿತು, ನೀರು ನಿಂತಿತು. ಮಹಾರಾಜರು ದೊರೆಗಳಿಗೂ ವೈಸರಾಯರಿಗೂ ಖೆಡ್ಡಾ ತೋರಿಸಿದ ಕಾಕನಕೋಟೆಯ ನೆಲ ಮುಳುಗಿತು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಆ ಆನೆಗಳನ್ನು ಪಳಗಿಸಿದ ಜೇನುಕುರುಬರ ಹಾಡಿಗಳು ಎಲ್ಲಿಗೆ ಹೋದವು ಎಂದು ನಾಲೆಯ ಕೆಳಗೆ ಭತ್ತ ಬೆಳೆದವರಲ್ಲಿ ಎಷ್ಟು ಮಂದಿ ಕೇಳಿದರು? ನಾಲೆ ಬೇಡವೆಂದು ನಾವು ಹೇಳುತ್ತಿಲ್ಲ. ನೀರು ಉಂಡವರು ಲೆಕ್ಕವನ್ನೂ ಕೊಡಬೇಕು ಎನ್ನುತ್ತೇವೆ.

ನೀರಿನಿಂದ ತಪ್ಪಿಸಿಕೊಂಡವರನ್ನು ಹುಲಿಯ ಹೆಸರಿನಲ್ಲಿ ಎಬ್ಬಿಸಿದರು. ನಾಗರಹೊಳೆಯಲ್ಲಿ ಜೇನು ಕೀಳುವವನು ಅತಿಕ್ರಮಣಕಾರ. ಅದೇ ಕಾಡಿನೊಳಗೆ ಪ್ರವಾಸಿಗಳಿಗೆ ಹೋಟೆಲು ಎದ್ದಾಗ ಅದು ಅಭಿವೃದ್ಧಿ! ಆದಿವಾಸಿಗಳು ಬೀದಿಗಿಳಿದರು, 1997ರಲ್ಲಿ ಹೈಕೋರ್ಟು ಹೋಟೆಲನ್ನು ತಡೆಯಿತು. 2006ರ ಅರಣ್ಯ ಹಕ್ಕು ಕಾಯಿದೆ ಬಂದ ಮೇಲೂ ಅರ್ಜಿ ಹಿಡಿದು ಅಲೆಯುವುದು ತಪ್ಪಲಿಲ್ಲ. ಕಾದು ಸಾಕಾಗಿ 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕರಡಿಕಲ್ಲು ಅತ್ತೂರುಕೊಲ್ಲಿಗೆ ಹಿಂತಿರುಗಿ, ಹಿರಿಯರಿದ್ದ ನೆಲದಲ್ಲಿ ಗುಡಿಸಲು ಹಾಕಿದವು.

ಕಾಯಿದೆಯ ಪ್ರಕಾರ ಹಕ್ಕಿನ ಪರಿಶೀಲನೆ ಶುರುವಾಗಬೇಕಾದದ್ದು ಗ್ರಾಮಸಭೆಯಲ್ಲಿ. ಹುಣಸೂರು, ಪಿರಿಯಾಪಟ್ಟಣ, ಕೋಟೆ ತಾಲ್ಲೂಕುಗಳ ಹಾಡಿಗಳಲ್ಲಿ ಆ ಸಭೆ ಸೇರಲಿ, ಅಧಿಕಾರಿಗಳು ಕುರ್ಚಿಯಿಂದೆದ್ದು ಅಲ್ಲಿಗೆ ಬರಲಿ. ತಿರಸ್ಕರಿಸಿದ ಪ್ರತಿ ಅರ್ಜಿಗೂ ಕಾರಣವನ್ನು ಬರೆದು ಆ ಅರ್ಜಿದಾರನ ಕೈಗೇ ಕೊಡಲಿ.