ಮನೆತನದ ನೆನಪುಗಳನ್ನು ಬರೆದಿಡೋಣ



ದೇವನಹಳ್ಳಿಯ ಚರಿತ್ರೆಯೆಂದೊಡನೆ ನಾವು ಟಿಪ್ಪು ಸುಲ್ತಾನರನ್ನು ನೆನೆಯುತ್ತೇವೆ. 1936ರಲ್ಲಿ ಇದೇ ಊರಿನಲ್ಲಿ ಜನಿಸಿದ ಕವಿ ಕೆ.ಎಸ್. ನಿಸಾರ್ ಅಹಮದ್‌ರನ್ನು ಅಭಿಮಾನದಿಂದ ಸ್ಮರಿಸುತ್ತೇವೆ. ಆದರೆ ವಿಜಯಪುರದಲ್ಲಿ ರೇಷ್ಮೆ ನೂಲು ತೆಗೆದ, ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ದುಡಿದ ಹಿರಿಯರ ಬದುಕನ್ನು ಬರೆದಿಡುವವರಾರು?

ನಮ್ಮ ಅನೇಕ ಮನೆಗಳ ಪೆಟ್ಟಿಗೆಗಳಲ್ಲಿ ಅಜ್ಜಂದಿರ ಉರ್ದು ಪತ್ರಗಳಿವೆ. ಉರ್ದು ಕಲಿಯದ ಮೊಮ್ಮಕ್ಕಳು ಅವನ್ನು ಓದಲಾರರು. ಓದಬಲ್ಲವರು ತೀರಿಕೊಂಡರೆ ಆ ಪತ್ರಗಳೂ ಮೂಕವಾಗುತ್ತವೆ. ಮುಂಬಯಿಯಿಂದ ಜಿದ್ದಾಕ್ಕೆ ಹೊರಡುತ್ತಿದ್ದ ಹಜ್ಜ್ ಹಡಗು 1995ರಲ್ಲಿ ನಿಂತಿತು. ದೇವನಹಳ್ಳಿಯ ವಿಮಾನ ನಿಲ್ದಾಣದಿಂದ ಕೆಲವೇ ತಾಸುಗಳಲ್ಲಿ ಅಲ್ಲಿಗೆ ತಲಪುವ ಪೀಳಿಗೆಗೆ ಆ ಕಡಲಯಾನದ ಕಷ್ಟಸುಖಗಳನ್ನು ಹೇಳಬಲ್ಲವರು ದಿನೇ ದಿನೇ ವಿರಳವಾಗುತ್ತಿದ್ದಾರೆ.

ಕಾಸರಗೋಡಿನ ಸಾರಾ ಅಬೂಬಕ್ಕರ್‌ರ ಮನೆಮಾತು ಕನ್ನಡವಾಗಿರಲಿಲ್ಲ. ಆದರೂ ಕನ್ನಡ ಶಾಲೆಯಲ್ಲಿ ಕಲಿತ ಅವರು ‘ಹೊತ್ತು ಕಂತುವ ಮುನ್ನ’ ಎಂಬ ಆತ್ಮಕಥೆಯನ್ನು ಕನ್ನಡದಲ್ಲೇ ಬರೆದರು. 2023ರಲ್ಲಿ ಅವರು ನಿಧನರಾದರು. ಅವರ ನೆನಪುಗಳು ಓದುಗರ ಬಳಿ ಉಳಿದಿವೆ.

ಬರೆಯಲು ನಾವೆಲ್ಲ ಸಾಹಿತಿಗಳಾಗಬೇಕಿಲ್ಲ. ಈ ವಾರವೇ ಅಜ್ಜಿಯ ಬಳಿ ಕುಳಿತು ಒಂದು ಪತ್ರವನ್ನು ಓದಿಸೋಣ. ಮಕ್ಕಳು ಓದಬಲ್ಲ ಕನ್ನಡದಲ್ಲಿ ಬರೆದುಕೊಳ್ಳೋಣ. ಸಾಲ, ಮನಸ್ತಾಪ, ಶಾಲೆ ಬಿಡಿಸಲ್ಪಟ್ಟ ಹೆಣ್ಣುಮಕ್ಕಳ ನೋವು, ಯಾವುದನ್ನೂ ಮರೆಮಾಚದಿರೋಣ. ಬರೀ ಹೊಗಳಿಕೆ ತುಂಬಿದ ವಂಶಾವಳಿಯಿಂದ ಮಕ್ಕಳು ಕಲಿಯುವುದೇನೂ ಇಲ್ಲ.

ನಮ್ಮ ಚರಿತ್ರೆಯನ್ನು ತಿರುಚಲಾಗುತ್ತಿದೆ ಎಂದು ದೂರಿದರಷ್ಟೇ ಸಾಲದು. ಬರೆದಿಟ್ಟ ಸತ್ಯವೇ ಅದಕ್ಕೆ ತಕ್ಕ ಉತ್ತರ.