ಇಳಿವಯಸ್ಸಿನ ಖಿನ್ನತೆ ಮತ್ತು ನಮ್ಮ ಮನೆಗಳು



ಪತಿಯನ್ನು ಕಳೆದುಕೊಂಡ ಮಹಿಳೆಯ ಮನೆಗೆ ಇದ್ದತ್‌ನ 4 ತಿಂಗಳು 10 ದಿನಗಳ ಕಾಲ ಬಂಧುಗಳು, ನೆರೆಯವರು ಬಂದು ಹೋಗುತ್ತಿರುತ್ತಾರೆ. ಆ ಅವಧಿ ಮುಗಿದೊಡನೆ ಎಲ್ಲರೂ ತಮ್ಮ ತಮ್ಮ ಕೆಲಸಗಳಿಗೆ ಮರಳುತ್ತಾರೆ. ಮಗ ದುಬೈಯಲ್ಲೋ ದಮ್ಮಾಮಿನಲ್ಲೋ ಇರುತ್ತಾನೆ, ಮಗಳು ಪತಿಯ ಮನೆಯಲ್ಲಿ. ಆಕೆಯ ನಿಜವಾದ ಒಂಟಿತನ ಆರಂಭವಾಗುವುದೇ ಆಗ. ಭಟ್ಕಳದಿಂದ ಉಳ್ಳಾಲದವರೆಗೆ ಗಲ್ಫ್ ಹಣದಿಂದ ಕಟ್ಟಿದ ಎಷ್ಟೋ ದೊಡ್ಡ ಮನೆಗಳಲ್ಲಿ ಇಂದು ಒಬ್ಬ ವೃದ್ಧೆ ಮತ್ತು ಒಬ್ಬ ಕೆಲಸದಾಕೆ ಮಾತ್ರ ವಾಸಿಸುತ್ತಿದ್ದಾರೆ.

ದುಃಖ ಬೇರೆ, ಖಿನ್ನತೆ ಬೇರೆ. ಅಗಲಿಕೆಯ ದುಃಖ ಅಲೆಯಂತೆ ಬಂದು ಹೋಗುತ್ತದೆ. ಆದರೆ 2 ವಾರಗಳಿಗಿಂತ ಹೆಚ್ಚು ಕಾಲ ಯಾವುದರಲ್ಲೂ ಆಸಕ್ತಿಯಿಲ್ಲದೆ, ನಿದ್ದೆಯಿಲ್ಲದೆ, ಊಟ ರುಚಿಸದೆ, ತಾನು ಇತರರಿಗೆ ಹೊರೆಯೆಂಬ ಭಾವನೆ ದಿನವಿಡೀ ಕಾಡುತ್ತಿದ್ದರೆ ವೈದ್ಯರನ್ನು ಕಾಣಲೇಬೇಕು. ಇಳಿವಯಸ್ಸಿನವರು 'ನನಗೆ ಬೇಸರವಾಗಿದೆ' ಎಂದು ಹೇಳುವುದು ವಿರಳ. ಬೆನ್ನು ನೋವು, ಎದೆಯಲ್ಲಿ ಭಾರ, ತಲೆಸುತ್ತು ಎನ್ನುತ್ತಾರೆ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಬರುವುದಿಲ್ಲ ಎನ್ನುತ್ತಾರೆ. ಮರೆವು ಹೆಚ್ಚಿದರೆ ಮನೆಯವರು ಅದನ್ನು ಅರಳುಮರಳೆಂದು ತಳ್ಳಿ ಹಾಕುತ್ತಾರೆ. ಥೈರಾಯ್ಡ್ ತೊಂದರೆ ಮತ್ತು ವಿಟಮಿನ್ ಬಿ12ರ ಕೊರತೆಯೂ ಇಂಥದೇ ಲಕ್ಷಣಗಳನ್ನು ತೋರಬಹುದಾದ್ದರಿಂದ ರಕ್ತಪರೀಕ್ಷೆ ಅಗತ್ಯ. ಕಿವಿಯ ಪರೀಕ್ಷೆಯನ್ನೂ ಮರೆಯಬಾರದು. ಕಿವಿ ಕೇಳದವರು ತುಂಬಿದ ಮನೆಯಲ್ಲೂ ಒಂಟಿಯೇ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕಾಗಿದೆ. ಖಿನ್ನತೆಗೊಳಗಾದವರಿಗೆ 'ನಿಮ್ಮ ಈಮಾನ್ ದುರ್ಬಲವಾಗಿದೆ, ನಮಾಝ್ ಹೆಚ್ಚಿಸಿ' ಎನ್ನುವವರು ನಮ್ಮಲ್ಲಿ ಕಡಿಮೆಯಿಲ್ಲ. ಇದು ಉಪದೇಶವಲ್ಲ, ಗಾಯದ ಮೇಲೆ ಬರೆ. ಮಗನ ಅಗಲಿಕೆಯ ದುಃಖದಿಂದ ಪ್ರವಾದಿ ಯಾಕೂಬರ(ಅ) ಕಣ್ಣುಗಳು ಬೆಳ್ಳಗಾದುದನ್ನು ಕುರ್‌ಆನ್ ತಿಳಿಸುತ್ತದೆ. ಅವರ ವಿಶ್ವಾಸ ದುರ್ಬಲವಾಗಿತ್ತೆಂದು ಯಾರು ತಾನೇ ಹೇಳಿಯಾರು? ಹ. ಖದೀಜಾ(ರ) ಮತ್ತು ಅಬೂತಾಲಿಬರು ನಿಧನರಾದ ವರ್ಷವನ್ನು ಚರಿತ್ರೆಯು 'ದುಃಖದ ವರ್ಷ'ವೆಂದೇ ಗುರುತಿಸಿದೆ. ಪ್ರಾರ್ಥನೆ ಮನಸ್ಸಿಗೆ ಆಸರೆ, ನಿಜ. ಆದರೆ ಚಿಕಿತ್ಸೆ ಪಡೆಯಿರೆಂದು ಆದೇಶಿಸಿದವರೂ ಪ್ರವಾದಿಯವರೇ(ಸ). ಕ್ರಿ.ಶ. 934ರಲ್ಲಿ ನಿಧನರಾದ ವಿದ್ವಾಂಸ ಅಬೂ ಝೈದ್ ಅಲ್ ಬಲ್ಖಿಯವರು ದೇಹ ಮತ್ತು ಮನಸ್ಸಿನ ಆರೋಗ್ಯದ ಕುರಿತು ಬರೆದ ಗ್ರಂಥದಲ್ಲಿ, ಕಾರಣ ತಿಳಿದಿರುವ ದುಃಖ ಮತ್ತು ಕಾರಣ ತೋರದೆ ಬರುವ ದುಃಖ ಎಂದು ಎರಡನ್ನು ಬೇರ್ಪಡಿಸಿ, ಎರಡನೆಯದರ ಮೂಲವನ್ನು ದೇಹದಲ್ಲಿ ಹುಡುಕಿದ್ದರು. ಸಾವಿರ ವರ್ಷಗಳ ಹಿಂದೆ ನಮ್ಮವರಿಗೆ ತಿಳಿದಿದ್ದುದು ಇಂದು ನಮಗೇಕೆ ನಾಚಿಕೆಯ ವಿಷಯವಾಗಬೇಕು?

ಔಷಧಿಯ ಬಗ್ಗೆಯೂ ಭಯವಿದೆ. ಖಿನ್ನತೆಯ ಮಾತ್ರೆಗಳು ಮದ್ಯದಂತೆ ಚಟ ಹಿಡಿಸುವುದಿಲ್ಲ. ಆದರೆ ಪರಿಣಾಮ ಕಾಣಲು ಕೆಲವು ವಾರಗಳು ಬೇಕು. ಹತ್ತು ದಿನ ನುಂಗಿ ಫಲವಿಲ್ಲವೆಂದು ಬಿಡುವುದು, ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸುವುದು, ಎರಡೂ ತಪ್ಪು. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಸೇವಿಸುವವರು ಅದನ್ನು ವೈದ್ಯರಿಗೆ ತಿಳಿಸಬೇಕು. ದೀರ್ಘಕಾಲದ ಖಿನ್ನತೆ ಮರುಕಳಿಸುವುದುಂಟು. ಅದು ಸೋಲಲ್ಲ, ಮತ್ತೆ ವೈದ್ಯರ ಬಳಿಗೆ ಹೋಗಬೇಕಷ್ಟೆ.

ಮಕ್ಕಳ ವಿಷಯಕ್ಕೆ ಬರೋಣ. ಹೆತ್ತವರ ಪೋಷಣೆಗಾಗಿ 2007ರಲ್ಲಿ ಕೇಂದ್ರ ಸರಕಾರ ಕಾನೂನು ತಂದಿತು. ಅದರಂತೆ ನ್ಯಾಯಮಂಡಳಿಯು ಮಕ್ಕಳಿಂದ ತಿಂಗಳಿಗೆ 10,000 ರೂ.ವರೆಗೆ ಕೊಡಿಸಬಹುದು. ಆದರೆ ನಮ್ಮ ಅನೇಕ ಉಮ್ಮಂದಿರಿಗೆ ಹಣದ ಕೊರತೆಯಿಲ್ಲ. 'ಉಮ್ಮಾ, ಊಟ ಆಯ್ತಾ?' ಎಂದು ಕೇಳಿ ಫೋನ್ ಇಡುವ ಮಗನಿಂದ ಇನ್ನೂ ಹತ್ತು ನಿಮಿಷವನ್ನು ಯಾವ ನ್ಯಾಯಮಂಡಳಿ ಕೊಡಿಸೀತು? ಮೊಮ್ಮಗುವಿನ ಹೆಸರು, ಮದುವೆಯ ದಿನ, ಮನೆಯ ದುರಸ್ತಿ ಮುಂತಾದುವುಗಳಲ್ಲಿ ಅವರ ಅಭಿಪ್ರಾಯ ಕೇಳಿರಿ. ಕೆಲಸದಿಂದ ನಿವೃತ್ತರಾದ ಗಂಡಸರ ಸ್ಥಿತಿ ಒಮ್ಮೊಮ್ಮೆ ಇನ್ನೂ ಕಷ್ಟಕರ. ಅವರಿಗೆ ಅಳಲೂ ಬಾರದು.

ಮಸೀದಿ ಕಮಿಟಿಗಳಲ್ಲಿ ಒಂದು ವಿನಂತಿ. ಚಂದಾ ಸಂಗ್ರಹಿಸಲು ಪ್ರತಿ ಮನೆಯ ಪಟ್ಟಿ ನಮ್ಮಲ್ಲಿದೆ. ಅದೇ ಪಟ್ಟಿಯಲ್ಲಿ ಒಂಟಿಯಾಗಿರುವ ವೃದ್ಧರ ಹೆಸರುಗಳಿಗೆ ಗುರುತು ಹಾಕಿ, ವಾರಕ್ಕೊಮ್ಮೆ ಇಬ್ಬರು ಹೋಗಿ ಕುಳಿತು ಬರಲಿ. ವೃದ್ಧೆಯರ ಬಳಿಗೆ ಮಹಿಳೆಯರೇ ಹೋಗಲಿ. ಬದುಕು ಬೇಡವೆಂಬ ಮಾತು ಯಾರ ಬಾಯಿಂದ ಬಂದರೂ ಅದನ್ನು ಹಗುರವಾಗಿ ತೆಗೆದುಕೊಳ್ಳದೆ, ಅವರನ್ನು ಒಂಟಿಯಾಗಿ ಬಿಡದೆ, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರಕಾರಿ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಉಚಿತವಾಗಿ, ಕನ್ನಡದಲ್ಲೂ ಮಾತನಾಡಬಹುದು. ಹಿರಿಯ ನಾಗರಿಕರ ಸಹಾಯವಾಣಿ 14567. ಈ ಎರಡು ಸಂಖ್ಯೆಗಳನ್ನು ಇಂದೇ ಮಸೀದಿಯ ಸೂಚನಾಫಲಕದಲ್ಲಿ, ನಮಾಝ್‌ನ ವೇಳಾಪಟ್ಟಿಯ ಪಕ್ಕದಲ್ಲಿ ಬರೆಯಿಸಬಹುದು.